ಗೆಲಾಕ್ಸಿಯ ಆಕಾರ ಕಪ್ಪುಕುಳಿಯ ಕೈಯಲ್ಲಿದೆಯೇ?

ಪ್ರಶ್ನೆ: ಸುರುಳಿ ಗೆಲಾಕ್ಸಿಗಳ ನಡುವೆ ದೈತ್ಯ ಕಪ್ಪುಕುಳಿ ಇರುತ್ತದಂತೆ. ಅದರ ಸೆಳೆತದಿಂದಲೇ ತೋಳುಗಳು ಸುತ್ತಿಕೊಂಡಿವೆಯೇ?

ಉತ್ತರ: ಇಲ್ಲ. ಕ್ಷೀರಪಥದ ಲೆಕ್ಕವನ್ನೇ ನೋಡಿ. ಅದರ ಕಪ್ಪುಕುಳಿಯ ರಾಶಿ ಸುಮಾರು 43 ಲಕ್ಷ ಸೂರ್ಯರಷ್ಟು. ಆದರೂ ಅದರ ಗುರುತ್ವ ಮೇಲುಗೈ ಪಡೆಯುವುದು ಕೇಂದ್ರದಿಂದ ಹತ್ತು ಜ್ಯೋತಿರ್ವರ್ಷದೊಳಗೆ ಮಾತ್ರ. ತೋಳುಗಳು ಹರಡಿರುವ ಚಪ್ಪಟೆ ತಟ್ಟೆಯ ಅಗಲವೋ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ತೋಳುಗಳನ್ನು ಮೂಡಿಸುವುದು ತಟ್ಟೆಯಲ್ಲಿರುವ ನಕ್ಷತ್ರ, ಅನಿಲಗಳ ಸ್ವಂತ ಗುರುತ್ವ. ಕಪ್ಪುಕುಳಿ ಇಲ್ಲವಾದರೂ ಸೂರ್ಯನ ಕಕ್ಷೆ ಕದಲದು.

ನಿಜವಾದ ನಂಟಿರುವುದು ಗೆಲಾಕ್ಸಿಯ ನಡುವಿನ ಉಬ್ಬಿನ ಜೊತೆ. ಉಬ್ಬಿನ ನಕ್ಷತ್ರಗಳು ಅಡ್ಡಾದಿಡ್ಡಿಯಾಗಿ ಚಲಿಸುವ ವೇಗ ಹೆಚ್ಚಿದಷ್ಟೂ ಕಪ್ಪುಕುಳಿ ಭಾರವಾಗಿರುತ್ತದೆ ಎಂದು 2000ನೇ ಇಸವಿಯಲ್ಲಿ ಎರಡು ತಂಡಗಳು ತೋರಿಸಿದವು. ವೇಗ ಇಮ್ಮಡಿಯಾದರೆ ರಾಶಿ 16 ಪಟ್ಟು, ಕೆಲವು ಅಳತೆಗಳಲ್ಲಿ ಇನ್ನೂ ಹೆಚ್ಚು. ಉಬ್ಬೇ ಇಲ್ಲವೆನ್ನಬಹುದಾದ ಎಂ33 ಸುರುಳಿಯಲ್ಲಿ 3,000 ಸೂರ್ಯರಷ್ಟು ಭಾರದ ಕಪ್ಪುಕುಳಿಯೂ ಇರಲಾರದು. ಇಡಿಯಾಗಿ ಉಬ್ಬಿನಂತೆಯೇ ಇರುವ ದೀರ್ಘವೃತ್ತಾಕಾರದ ಎಂ87ರಲ್ಲಿ 650 ಕೋಟಿ ಸೂರ್ಯರಷ್ಟಿದೆ!

ಪುಟ್ಟ ಕಪ್ಪುಕುಳಿಗೂ ದೊಡ್ಡ ಉಬ್ಬಿಗೂ ಹೊಂದಿಕೆ ಹೇಗೆ? ಇಡೀ ವಿಷಯದಲ್ಲಿ ಸೊಗಸಾದದ್ದು ಇದೇ. ಒಳಗೆ ಬೀಳುವ ವಸ್ತು ತನ್ನ ರಾಶಿಯ ಸುಮಾರು ಹತ್ತನೇ ಒಂದು ಭಾಗವನ್ನು ಶಕ್ತಿಯಾಗಿ ಹೊರಚೆಲ್ಲುತ್ತದೆ. ಹೈಡ್ರೋಜನ್ ಬೆಸುಗೆಯಲ್ಲಿ ಶೇಕಡ 1 ಕೂಡ ಸಿಗದು. ಕಪ್ಪುಕುಳಿ ಬೆಳೆಯುವಾಗ ಹೀಗೆ ಹೊಮ್ಮುವ ಒಟ್ಟು ಶಕ್ತಿ, ಉಬ್ಬನ್ನು ಹಿಡಿದಿಟ್ಟ ಗುರುತ್ವ ಶಕ್ತಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದರಲ್ಲಿ ಚೂರುಪಾರು ಅನಿಲಕ್ಕೆ ತಗುಲಿದರೂ ಸಾಕು, ಅನಿಲ ಕಾದು ಹೊರನೂಕಲ್ಪಡುತ್ತದೆ. ಹೊಸ ನಕ್ಷತ್ರಗಳ ಹುಟ್ಟು ನಿಲ್ಲುತ್ತದೆ, ಕಪ್ಪುಕುಳಿಗೂ ಆಹಾರ ತಪ್ಪುತ್ತದೆ. ಇದರ ಜೊತೆಗೆ ಗೆಲಾಕ್ಸಿಗಳ ಡಿಕ್ಕಿಯೂ ಇದೆ: ತಟ್ಟೆಗಳು ಕದಡಿ ಉಬ್ಬು ಬೆಳೆಯುತ್ತದೆ, ಅನಿಲ ಕೇಂದ್ರಕ್ಕೆ ಜಾರುತ್ತದೆ.

ಪ್ರಶ್ನೆ: ಹಾಗಾದರೆ ಬರೀ ಚಿತ್ರ ನೋಡಿ ಕಪ್ಪುಕುಳಿಯ ರಾಶಿ ಹೇಳಬಹುದೇ?

ಉತ್ತರ: ಸ್ಥೂಲವಾಗಿ ಹೇಳಬಹುದು. ತೋಳುಗಳು ಬಿಗಿಯಾಗಿ ಸುತ್ತಿದ್ದರೆ ಸಾಮಾನ್ಯವಾಗಿ ಕಪ್ಪುಕುಳಿ ಭಾರ. ಮೊದಲು ಗೆಲಾಕ್ಸಿಯ ಓರೆಯನ್ನು ಸರಿಪಡಿಸಿ, ಅದು ನೇರ ಮೇಲಿನಿಂದ ಕಂಡಂತೆ ಚಿತ್ರವನ್ನು ಹಿಗ್ಗಿಸಬೇಕು. ಆಮೇಲೆ ಒಂದು ತೋಳಿನುದ್ದಕ್ಕೂ ಬಿಂದುಗಳನ್ನು ಗುರುತಿಸಿ, ಕೇಂದ್ರದಿಂದ ಇರುವ ದೂರದ ಸ್ವಾಭಾವಿಕ ಲಾಗರಿದಮ್ಮನ್ನು ರೇಡಿಯನ್‌ನಲ್ಲಿ ಅಳೆದ ಕೋನದ ಎದುರು ಗ್ರಾಫ್‌ನಲ್ಲಿ ಹಾಕಿ. ಸಿಗುವ ಗೆರೆಯ ಇಳಿಜಾರೇ ಸುತ್ತುಕೋನದ ಟ್ಯಾನ್; ತೋಳು ಬಿಗಿಯಾಗಿ ಸುತ್ತಿದಷ್ಟೂ ಈ ಕೋನ ಚಿಕ್ಕದು. ಓರೆ ತಿದ್ದದಿದ್ದರೆ ಗೆರೆ ಅಲೆಯಂತೆ ಬಳುಕುತ್ತದೆ. ಕೆಲವು ಗೆಲಾಕ್ಸಿಗಳ ನಡುವೆ ಇರುವ ನಕ್ಷತ್ರಗಳ ನೇರ ಪಟ್ಟಿಯ ಬಿಂದುಗಳು ಸೇರಿಕೊಂಡರೆ ಕೋನ ಕೆಡುತ್ತದೆ. ಅಂಚಿನಿಂದ ಕಾಣುವ ಗೆಲಾಕ್ಸಿಗೆ ಈ ವಿಧಾನ ಬೇಡ.

ನೆಚ್ಚಬಹುದಾದ ದಾರಿ ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವುದು. 850 ನ್ಯಾನೊಮೀಟರ್ ಆಸುಪಾಸಿನ ಕ್ಯಾಲ್ಸಿಯಂನ ಮೂರು ಗೆರೆಗಳು ಎಷ್ಟು ಅಗಲವಾಗಿವೆ ಎಂಬುದರಿಂದ ಉಬ್ಬಿನ ನಕ್ಷತ್ರಗಳ ಅಡ್ಡಾದಿಡ್ಡಿ ವೇಗ ತಿಳಿಯುತ್ತದೆ. ಇಲ್ಲೂ ಎಚ್ಚರ ಬೇಕು: ತಟ್ಟೆಯ ತಿರುಗಾಟ ಅಳತೆಯಲ್ಲಿ ಬೆರೆತರೆ ಗೆರೆ ಇನ್ನಷ್ಟು ಅಗಲವಾಗಿ, ಕಪ್ಪುಕುಳಿ ಇರುವುದಕ್ಕಿಂತ ಭಾರವೆಂದು ತೋರುತ್ತದೆ.