ಗುಳೆ ಹೋಗಿ ಪ್ರೊಬೇಷನ್ ತಪ್ಪಿದೆ, ಮಗನನ್ನು ಒಳಗೆ ಹಾಕ್ತಾರಾ?

ರಾಯಚೂರು, ಕೊಪ್ಪಳ ಕಡೆಯಿಂದ ಈ ಪ್ರಶ್ನೆ ಬರೋದು ನಿಂತೇ ಇಲ್ಲ. ಹಾಗಾಗಿ ಈ ಸಲ ಬಹುಪಾಲು ಜಾಗ ಇದಕ್ಕೇ.

ಪ್ರಶ್ನೆ: ನಮ್ಮದು ದೇವದುರ್ಗ ತಾಲ್ಲೂಕು. 16 ವರ್ಷದ ಮಗ ಬೈಕ್ ಕಳವಿನ ಕೇಸಿನಲ್ಲಿ ಸಿಕ್ಕಿದ್ದ. ಮಕ್ಕಳ ಕೇಸು ನಡೆಸುವ ಬಾಲ ನ್ಯಾಯ ಮಂಡಳಿ ಒಂದು ವರ್ಷದ ಪ್ರೊಬೇಷನ್ ಮೇಲೆ, ಅಂದರೆ ಷರತ್ತು ಹಾಕಿ, ನಮ್ಮ ಕೈಗೆ ಒಪ್ಪಿಸಿತು. ಶಾಲೆಗೆ ಹೋಗಬೇಕು, ತಿಂಗಳಿಗೊಮ್ಮೆ ಪ್ರೊಬೇಷನ್ ಅಧಿಕಾರಿಯನ್ನು ಕಾಣಬೇಕು ಅಂತ ಷರತ್ತು. ಬೆಂಗಳೂರಿಗೆ ಗುಳೆ ಹೋಗುವಾಗ ಅವನನ್ನೂ ಕರೆದೊಯ್ದೆವು. ಮೂರು ತಿಂಗಳು ತಪ್ಪಿದೆ, ನೋಟಿಸ್ ಬಂದಿದೆ. ಅವನಿಗೆ 21 ವರ್ಷ ತುಂಬುವವರೆಗೆ ಜೈಲು ಅಂತಾರೆ. ಒಬ್ಬರು ದುಡ್ಡು ಕೊಟ್ಟರೆ ಸರಿ ಮಾಡಿಸ್ತೀನಿ ಅಂತಿದ್ದಾರೆ.

ಉತ್ತರ: ಮೊದಲು ಆ ‘ಒಬ್ಬರಿಗೆ’ ಒಂದು ರೂಪಾಯಿನೂ ಕೊಡಬೇಡಿ ತಾಯಿ. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಕೂತಿರುತ್ತಾರೆ. ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ಅವರ ಆದೇಶ ಬದಲಾಗುವುದಿಲ್ಲ. ವಕೀಲರಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ.

ಜೈಲಿನ ಮಾತು ಬರೀ ಗಾಳಿಸುದ್ದಿ. 16 ದಾಟಿದವರು ಕೊಲೆಯಂಥ ಘೋರ ಅಪರಾಧದಲ್ಲಿ ಸಿಕ್ಕಿಬಿದ್ದಾಗಿನ ನಿಯಮವನ್ನು ಯಾರೋ ನಿಮ್ಮ ಬೈಕ್ ಕೇಸಿಗೆ ಅಂಟಿಸಿದ್ದಾರೆ. ಷರತ್ತು ತಪ್ಪಿದ್ದಕ್ಕೆ ಹೊಸ ಕೇಸೂ ಬೀಳುವುದಿಲ್ಲ. ಆದರೆ ಹಗುರ ಅಂತಲೂ ತಿಳಿಯಬೇಡಿ. ಬಾಲ ನ್ಯಾಯ ಕಾಯ್ದೆಯ 2016ರ ಮಾದರಿ ನಿಯಮದಂತೆ, ಷರತ್ತು ಪಾಲಿಸಿಲ್ಲ ಅಂತ ಕಂಡರೆ ಮಂಡಳಿ ಹುಡುಗನನ್ನು ಕರೆಸಿ, ಉಳಿದ ಅವಧಿಗೆ ವಿಶೇಷ ಗೃಹಕ್ಕೆ (ಇಂಥ ಮಕ್ಕಳನ್ನು ಇಟ್ಟು ತಿದ್ದುವ ಜಾಗ) ಕಳಿಸಬಹುದು. ಕಳಿಸಲೇಬೇಕು ಅಂತೇನಿಲ್ಲ. ಹುಡುಗ ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿಲ್ಲದಿದ್ದಾಗಲೇ ಅಪಾಯ ಜಾಸ್ತಿ.

ಹಾಗಾಗಿ ನೋಟಿಸಿನ ದಿನದವರೆಗೆ ಕಾಯಬೇಡಿ. ಮಗನನ್ನು ಕರೆದುಕೊಂಡು ಈ ವಾರವೇ ಪ್ರೊಬೇಷನ್ ಅಧಿಕಾರಿಯ ಎದುರು ಕೂತುಕೊಳ್ಳಿ. ಒಂದು ಹಾಳೆಯಲ್ಲಿ ಬರೆಸಿ: ಯಾವಾಗ ಹೋದಿರಿ, ಯಾವ ಏರಿಯಾದ ಶೆಡ್‌ನಲ್ಲಿ ಇದ್ದಿರಿ, ಮೇಸ್ತ್ರಿಯ ಹೆಸರು, ಫೋನ್ ನಂಬರ್. ಎರಡು ಪ್ರತಿ ಮಾಡಿಸಿ, ನಿಮ್ಮ ಪ್ರತಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ‘ಫೋನಿನಲ್ಲಿ ಹೇಳಿದ್ದೆ ಸಾರ್’ ಅನ್ನೋದನ್ನು ನಾನಂತೂ ನಂಬಿ ಕೂರುವುದಿಲ್ಲ.

ಇನ್ನೊಂದು ಮಾತು, ಬೇಜಾರಾದರೂ ಕೇಳಿ. ಭೇಟಿ ತಪ್ಪಿದ್ದಕ್ಕೆ ಗುಳೆಯ ಕಾರಣ ಹೇಳಬಹುದು. ಶಾಲೆ ಬಿಡಿಸಿದ್ದಕ್ಕೆ ಏನು ಹೇಳ್ತೀರಿ? ಅವನನ್ನು ನೋಡಿಕೊಳ್ಳುತ್ತೇವೆ ಅಂತ ಒಪ್ಪಿಕೊಂಡವರು ನೀವು, ಹುಡುಗನಲ್ಲ. ಮಂಡಳಿ ಇದನ್ನು ಕೇಳಿಯೇ ಕೇಳುತ್ತದೆ. ಮತ್ತೆ ಶಾಲೆಗೆ ಸೇರಿಸಿ, ಮುಖ್ಯ ಶಿಕ್ಷಕರಿಂದ ಪತ್ರ ತೆಗೆದುಕೊಂಡೇ ಹೋಗಿ. ಅಜ್ಜಿಯ ಹತ್ತಿರ ಬಿಡೋದಾದರೆ ಅಜ್ಜಿಯನ್ನೂ ಕರೆತನ್ನಿ. ಮುಂದೆ ಅವನನ್ನು ಕರೆದೊಯ್ಯಲೇಬೇಕಾದರೆ, ಬಸ್ ಹತ್ತುವ ಮೊದಲೇ ಮಂಡಳಿಗೆ ಅರ್ಜಿ ಕೊಡಿ. ಇಷ್ಟಾದ ಮೇಲೂ ವಿಶೇಷ ಗೃಹದ ಆದೇಶ ಬಂದರೆ 30 ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು.

ಪ್ರಶ್ನೆ: ನೋಟಿಸ್ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ?
ಉತ್ತರ: ಹುಡುಕಿಕೊಂಡು ಪೊಲೀಸರು ಬರ್ತಾರೆ. ಈ ಐಡಿಯಾ ಕೊಟ್ಟವರ ಹತ್ತಿರ ಮತ್ತೇನೂ ಕೇಳಬೇಡಿ.

ಪ್ರಶ್ನೆ: ಮಗ ವಿಶೇಷ ಗೃಹದಿಂದ ಓಡಿ ಬಂದಿದ್ದಾನೆ. ಬಚ್ಚಿಡಬೇಕಾ?
ಉತ್ತರ: ಬೇಡ. ಓಡಿದ್ದಕ್ಕೆ ಅವನ ಮೇಲೆ ಬೇರೆ ಕೇಸ್ ಹಾಕುವಂತಿಲ್ಲ ಅಂತ 2015ರ ಬಾಲ ನ್ಯಾಯ ಕಾಯ್ದೆಯ 26ನೇ ಕಲಮೇ ಹೇಳುತ್ತದೆ. ವಕೀಲರ ಜೊತೆ ಇವತ್ತೇ ಮಂಡಳಿ ಮುಂದೆ ಕರೆದೊಯ್ಯಿರಿ.

ಪ್ರಶ್ನೆ: ಪಕ್ಕದ ಮನೆಯವರು ಮಗನ ಫೋಟೊ ಹಾಕಿ ‘ಕಳ್ಳ’ ಅಂತ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಿಟ್ಟಿದ್ದಾರೆ.
ಉತ್ತರ: ಅದೇ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅದು ಅಪರಾಧ. 6 ತಿಂಗಳವರೆಗೆ ಸಜೆ ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಬೀಳಬಹುದು. ಸ್ಕ್ರೀನ್‌ಶಾಟ್ ಇಟ್ಟುಕೊಂಡು ದೂರು ಕೊಡಿ. ನೀವೂ ತಿರುಗಿ ಅವರ ಮಕ್ಕಳ ಫೋಟೊ ಹಾಕಬೇಡಿ, ದಯವಿಟ್ಟು.