ಡುಶೇನ್‌ ಥರದ ಅಪರೂಪದ ಕಾಯಿಲೆಗೆ ಮನೆಯವರು, ಡಾಕ್ಟರು, ಸಂಶೋಧಕರು ಒಂದೆಡೆ ಸೇರಿದರೆ ಏನು ಲಾಭ? ನಾವಿರೋದು ಕಲಬುರಗಿಯಲ್ಲಿ.

ಲಾಭ ಇದೆ. ಈ ಮೂವರಲ್ಲಿ ಯಾರ ಹತ್ತಿರವೂ ಪೂರ್ತಿ ಮಾಹಿತಿ ಇರುವುದಿಲ್ಲ, ಅದಕ್ಕೇ ಸೇರಬೇಕು.

ಡುಶೇನ್ ಅಂದರೆ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಸೊರಗುವ ಕಾಯಿಲೆ. ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಇದಕ್ಕೆ ಕಾರಣವಾದ ಜೀನ್‌ನಲ್ಲಿ 79 ತುಂಡುಗಳಿವೆ. ಕಾಯಿಲೆಯ ಹೆಸರು ಒಂದೇ ಆದರೂ ಒಬ್ಬ ಹುಡುಗನಿಗೆ ಒಂದು ಕಡೆ ದೋಷ, ಇನ್ನೊಬ್ಬನಿಗೆ ಮತ್ತೊಂದು ಕಡೆ. ಕೆಲವು ಹೊಸ ಔಷಧಿ ಒಂದೊಂದು ಬಗೆಯ ದೋಷಕ್ಕೆ ಮಾತ್ರ. ಜೀವಕೋಶ ಈ ಜೀನನ್ನು 51ನೇ ತುಂಡು ಬಿಟ್ಟು ಓದುವಂತೆ ಮಾಡುವ ಔಷಧಿ ಹೊಂದುವುದು ಸುಮಾರು 13% ಮಕ್ಕಳಿಗಷ್ಟೇ. ಅಂಥವರನ್ನು ಒಂದೇ ಊರಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? ಎಲ್ಲಾ ಊರಿನ ಜೀನ್ ರಿಪೋರ್ಟು ಒಂದೇ ಪಟ್ಟಿಗೆ ಬಂದರೆ ಮಾತ್ರ ಸಂಶೋಧನೆಗೆ ಬೇಕಾದಷ್ಟು ಮಕ್ಕಳು ಸಿಗುತ್ತಾರೆ.

ಮನೆಯವರ ಪಾಲು ಸಣ್ಣದು ಅಂದುಕೊಳ್ಳಬೇಡಿ. ಊಟ ಮುಗಿಸಿ ಏಳುವಾಗ ಹುಡುಗ ಮೊದಲು ನೆಲಕ್ಕೆ, ಆಮೇಲೆ ಮೊಣಕಾಲಿಗೆ, ತೊಡೆಗೆ ಕೈ ಊರಿ ಮೇಲೇಳುತ್ತಾನಲ್ಲ, ಅದನ್ನು ಮೊದಲು ಗಮನಿಸುವುದು ಅವ್ವ. ಡಾಕ್ಟರು ಕುರ್ಚಿಯಲ್ಲಿ ಕೂರಿಸಿ ನೋಡಿದರೆ ಅದು ಕಾಣುವುದೇ ಇಲ್ಲ. ಆರು ತಿಂಗಳಿಗೊಮ್ಮೆ ಮೊಬೈಲಲ್ಲಿ ವಿಡಿಯೋ ಮಾಡಿಟ್ಟರೆ ಡಾಕ್ಟರಿಗೆ ಎಷ್ಟೋ ಅನುಕೂಲ.

ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಿಸಿದ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಹೈದರಾಬಾದಿನ ನಿಮ್ಸ್ ಎರಡೂ ಇವೆ. ಕಲಬುರಗಿ, ಬೀದರ್‌ನವರಿಗೆ ಹೈದರಾಬಾದೇ ಹತ್ತಿರ ಅಲ್ವಾ? ಹೋಗುವಾಗ ಹಳೇ ರಿಪೋರ್ಟು ಒಂದನ್ನೂ ಬಿಡಬೇಡಿ.