ಟ್ರಿಗರ್ ಎಷ್ಟು ಹಗುರ ಮಾಡಬಹುದು ಅಂತ ಕೇಳೋರಿಗೆಲ್ಲ ಒಂದೇ ಸಲ ಉತ್ತರ

ಪ್ರಶ್ನೆಗಳ ಕಂತೆ ಬಿಚ್ಚಿದಾಗೆಲ್ಲ ಅರ್ಧಕ್ಕರ್ಧ ಟ್ರಿಗರ್ ಬಗ್ಗೇನೇ ಇರತ್ತೆ, ಅದೂ ಒಂದೇ ಧಾಟಿ, ಯಾವ ಸ್ಕ್ರೂ, ಎಷ್ಟು ಸುತ್ತು, ಎಷ್ಟು ಹಗುರ. ಬೆರಳು ಇಡೋ ರೀತಿ ಸರಿ ಇದೆಯಾ, ಈಡು ಹಾರೋ ಹೊತ್ತಿಗೆ ಕೋವಿ ಯಾಕೆ ಅಲ್ಲಾಡ್ತಿದೆ ಅಂತ ಒಬ್ರೂ ಕೇಳಲ್ಲ. ಈ ಸಲ ಅದನ್ನೇ ಉದ್ದಕ್ಕೆ ಬರೀತೀನಿ, ಮತ್ತೆ ಕೇಳಬೇಡಿ. ಚೇಂಬರ್ ಖಾಲಿ ಮಾಡು, ತೋಟೆಗಳನ್ನ ಬೇರೆ ರೂಮಲ್ಲಿಡು, ನಿಮ್ಮಲ್ಲಿ ಲೈಸೆನ್ಸಿನ ನಿಯಮ ಏನು ಹೇಳತ್ತೆ ನೋಡು, ಇದನ್ನೆಲ್ಲ ನಾನಿಲ್ಲಿ ಹೇಳಿಕೊಡಲ್ಲ, ಅದು ಗೊತ್ತಿಲ್ಲದೋರು ಸ್ಕ್ರೂಡ್ರೈವರ್ ಮುಟ್ಟೋ ಹಾಗೇ ಇಲ್ಲ.

ಪ್ರಶ್ನೆ: ನನ್ನ ಬೋಲ್ಟ್ ಆಕ್ಷನ್ (ಪ್ರತಿ ಈಡಿಗೂ ಕೈಯಲ್ಲಿ ಬೋಲ್ಟ್ ಎಳೆದು ಮುಚ್ಚೋ) ರೈಫಲ್ ಟ್ರಿಗರ್ ಎಳೆಯೋಕೆ ಸುಮಾರು 5 ಪೌಂಡ್ ಬಲ ಬೇಕು, ತುಂಬ ಗಟ್ಟಿ. ಸ್ಕ್ರೂ ತಿರುಗಿಸಿ, ಒಳಗಿನ ಸೀರ್ ಅನ್ನೋ ಕೊಂಡಿ ಮೇಲೆ ಸ್ವಲ್ಪ ಸಾಣೆಕಲ್ಲು ಆಡಿಸಿದ್ರೆ 1 ಪೌಂಡಿಗೆ ಇಳಿಯತ್ತೆ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ಮಾಡಬಹುದಾ, ಇಲ್ಲ ಹೊಸ ಟ್ರಿಗರ್ ಹಾಕಿಸಬೇಕಾ?

ಕಲ್ಲು ಆಡಿಸಬೇಡಿ. ಉಳಿದಿದ್ದೆಲ್ಲ ಆಮೇಲೆ.

ಮೊದಲು ಒಳಗೆ ಏನಾಗ್ತಿದೆ ಅಂತ ತಿಳ್ಕೊಳ್ಳಿ. ಬೋಲ್ಟ್ ಮುಚ್ಚಿದಾಗ ಸ್ಟ್ರೈಕರ್, ಅಂದ್ರೆ ತೋಟೆಗೆ ಹೊಡೆಯೋ ಪಿನ್, ಹಿಂದಕ್ಕೆ ನಿಲ್ಲತ್ತೆ, ಅದರ ಹಿಂದಿನ ಸ್ಪ್ರಿಂಗ್ 20 ಪೌಂಡಿನ ಆಸುಪಾಸಲ್ಲಿ ತಳ್ತಾ ಇರತ್ತೆ. ಅದನ್ನ ತಡೆದು ಹಿಡಿದಿರೋದು ಸೀರ್, ಆ ಸೀರ್ ಕೆಳಗೆ ಬೀಳದ ಹಾಗೆ ಹಿಡಿದಿರೋದು ಟ್ರಿಗರ್. ಟ್ರಿಗರ್ರಿಗೂ ಸೀರಿಗೂ ಒಂದರ ಮೇಲೊಂದು ಹಿಡಿತ ಇರೋದು ಎಷ್ಟು ಅಂದ್ರೆ ಅರ್ಧ ಮಿಲಿಮೀಟರಿನ ಆಸುಪಾಸು, ಕೆಲವದ್ರಲ್ಲಿ ಅದಕ್ಕಿಂತಲೂ ಕಮ್ಮಿ. ತೋಟೆ ತುಂಬಿದ ಕೋವಿ ಹೆಗಲ ಮೇಲೆ ಹಾಕ್ಕೊಂಡು ನಡೀತೀರಲ್ಲ, ನಿಮ್ಮ ಮತ್ತು ಒಂದು ಅನಾಹುತದ ಮಧ್ಯೆ ಇರೋದು ಅಷ್ಟೇ ಲೋಹ.

ಅಡ್ಜಸ್ಟ್ ಮಾಡೋಕೆ ಬರೋ ಟ್ರಿಗರ್ರಲ್ಲಿ ಸಾಮಾನ್ಯವಾಗಿ ಮೂರು ವಿಷಯ ಬದಲಾಯಿಸಬಹುದು. ಒಂದು ಭಾರ, ಅಂದ್ರೆ ಟ್ರಿಗರ್ ಸ್ಪ್ರಿಂಗ್ ಎಷ್ಟು ಒತ್ತಿದೆ ಅನ್ನೋದು. ಎರಡನೇದು ಹಿಡಿತ, ಈಗ ಹೇಳಿದ ಅರ್ಧ ಮಿಲಿಮೀಟರ್. ಮೂರನೇದು ಓವರ್ ಟ್ರಾವೆಲ್, ಸೀರ್ ಬಿಟ್ಟ ಮೇಲೂ ಟ್ರಿಗರ್ ಎಷ್ಟು ಹಿಂದಕ್ಕೆ ಹೋಗತ್ತೆ ಅನ್ನೋದು. ವಿಡಿಯೋ ಮಾಡೋರು ಮೂರನ್ನೂ ಒಂದೇ ಉಸಿರಲ್ಲಿ ತಿರುಗಿಸಿ ತೋರಿಸ್ತಾರೆ, ಮೂರೂ ಒಂದೇ ತರ ಅನ್ನೋ ಹಾಗೆ. ಅಲ್ಲ. ಕಂಪನಿ ಕೈಪಿಡಿಯಲ್ಲಿ ಹೇಳಿದ ಮಿತಿ ಒಳಗೆ ಭಾರದ ಸ್ಕ್ರೂ ನೀವು ಮುಟ್ಟಬಹುದು. ಓವರ್ ಟ್ರಾವೆಲ್ ಸ್ಕ್ರೂ ಜಾಸ್ತಿ ಒಳಗೆ ಹೋದ್ರೆ ಟ್ರಿಗರ್ ಸೀರನ್ನ ಪೂರ್ತಿ ಬಿಡೋದೇ ಇಲ್ಲ, ಇಲ್ಲಾಂದ್ರೆ ಬಿಡೋವಾಗ ಅಂಚಿಗೆ ಉಜ್ಜಿಕೊಂಡು ಬಿಡತ್ತೆ, ಆ ಅಂಚು ದಿನದಿಂದ ದಿನಕ್ಕೆ ಸವೆಯತ್ತೆ. ಹಿಡಿತದ ಸ್ಕ್ರೂ ಮಾತ್ರ ಮುಟ್ಟಲೇಬೇಡಿ. ಎಷ್ಟೋ ಕಂಪನಿಗಳು ಅದರ ಮೇಲೆ ಸೀಲ್ ಹಾಕಿ ಕಳಿಸೋದು ಚೆಂದಕ್ಕಲ್ಲ.

ಈಗ ನಿಮ್ಮ "ಗಟ್ಟಿ" ಅನ್ನೋ ದೂರು. ಗೇಜ್ ಹಾಕಿ ಅಳತೆ ಮಾಡಿದ್ರಾ? ಬೆರಳಿಗೆ ಅನಿಸಿದ್ದನ್ನ ಪೌಂಡ್ ಅಂತ ಬರೆಯೋರೇ ಜಾಸ್ತಿ. ಟ್ರಿಗರ್ ಪುಲ್ ಗೇಜ್ ತಗೊಂಡು, ಟ್ರಿಗರ್ರಿನ ಬಾಗಿನ ನಡುವಿಗೇ ಪ್ರತಿ ಸಲ ಕೊಕ್ಕೆ ಹಾಕಿ, ನೇರ ಹಿಂದಕ್ಕೆ ನಿಧಾನಕ್ಕೆ ಎಳೀರಿ, ಹತ್ತು ಸಲ ಅಳೆದು ಸರಾಸರಿ ತೆಗೀರಿ. ಹತ್ತರಲ್ಲಿ ಒಂದೊಂದಕ್ಕೂ ಒಂದೊಂದು ಪೌಂಡ್ ವ್ಯತ್ಯಾಸ ಬಂದ್ರೆ ತೊಂದ್ರೆ ಇರೋದು ಭಾರದಲ್ಲಿ ಅಲ್ಲ, ಒಳಗೆ ಕೊಳೆ ಇದೆ ಅಥವಾ ಮೇಲ್ಮೈ ಒರಟಾಗಿದೆ. ನನ್ನ ಬೆಂಚಿಗೆ "ತುಂಬ ಗಟ್ಟಿ" ಅಂತ ಬರೋ ರೈಫಲ್ಲುಗಳಲ್ಲಿ ಬಹಳಷ್ಟಕ್ಕೆ ಬೇಕಾಗಿರೋದು ಬರೀ ಸ್ವಚ್ಛತೆ. ವರ್ಷಗಟ್ಟಲೆ ಸುರಿದ ಎಣ್ಣೆ ಒಳಗೆ ಜಿಡ್ಡುಗಟ್ಟಿ ಅಂಟು ಆಗಿರತ್ತೆ, ಅದನ್ನ ತೊಳೆದು ಕೊಟ್ರೆ ಮಾಲೀಕರು ನಾನೇನೋ ಜಾದೂ ಮಾಡಿದೆ ಅನ್ಕೋತಾರೆ.

ಇನ್ನೊಂದು ವಿಷಯ, ನಿಮಗೆ ಗಟ್ಟಿ ಅನಿಸ್ತಿರೋದು ನಿಜವಾಗಿ ಕ್ರೀಪ್ ಇರಬಹುದು. ಟ್ರಿಗರ್ ಬಿಡೋ ಮುಂಚೆ ಕರಕರ ಅಂತ ಎಳ್ಕೊಂಡು ಹೋಗತ್ತಲ್ಲ, ಅದು. 4 ಪೌಂಡ್ ಇದ್ದು ಗಾಜಿನ ಕಡ್ಡಿ ಮುರಿದ ಹಾಗೆ ಥಟ್ಟನೆ ಬಿಡೋ ಟ್ರಿಗರ್ ಒಳ್ಳೇದು, 2 ಪೌಂಡ್ ಇದ್ದು ಎಳೆದಾಡೋ ಟ್ರಿಗರ್ ಕೆಟ್ಟದ್ದು. ಇದು ಒಪ್ಪಿಕೊಂಡ್ರೆ ಅರ್ಧ ಗಲಾಟೆ ಇಲ್ಲೇ ಮುಗಿಯತ್ತೆ.

ಕಲ್ಲಿನ ವಿಷಯಕ್ಕೆ ಬರೋಣ. ಹಳೇ ಸೀರುಗಳಲ್ಲಿ ಬಹಳಷ್ಟು ಕೇಸ್ ಹಾರ್ಡನ್ ಮಾಡಿದ್ದು, ಅಂದ್ರೆ ಮೇಲಿನ ತೆಳು ಪದರ ಮಾತ್ರ ಗಟ್ಟಿ, ಒಳಗೆ ಮೆತ್ತಗಿನ ಉಕ್ಕು. ಉಜ್ಜಿ ಆ ಪದರ ತೆಗೆದ್ರೆ ಮೊದಲ ದಿನ ಬೆಣ್ಣೆ ತರ ಇರತ್ತೆ, ಎಲ್ಲರಿಗೂ ತೋರಿಸ್ಕೊಂಡು ಓಡಾಡ್ತೀರ, ಆಮೇಲೆ ಒಳಗಿನ ಮೆತ್ತನೆ ಲೋಹ ಸವೆದು ಅಂಚು ದುಂಡಗಾಗತ್ತೆ, ಒಂದು ದಿನ ಬೋಲ್ಟ್ ಮುಚ್ಚಿದ ಏಟಿಗೇ ಈಡು ಹಾರತ್ತೆ. ಕೋನದ ಕಥೆ ಬೇರೇನೇ ಇದೆ. ಆ ಎರಡು ಮುಖ ಕೂಡೋ ಕೋನ ಚೂರು ತಪ್ಪಿ ಹೋದ್ರೆ ಸ್ಟ್ರೈಕರ್ ಸ್ಪ್ರಿಂಗಿನ ಒತ್ತಡವೇ ಟ್ರಿಗರ್ರನ್ನ ಪಕ್ಕಕ್ಕೆ ತಳ್ಳೋಕೆ ಶುರು ಮಾಡತ್ತೆ. ಜಿಗ್ (ಕೋನ ತಪ್ಪದ ಹಾಗೆ ಹಿಡಿಯೋ ಸಾಧನ) ಇಲ್ಲದೆ ಕೈಯಲ್ಲಿ ಹಿಡಿದು ಕಲ್ಲು ಆಡಿಸಿ ಆ ಕೋನ ಉಳಿಸ್ತೀನಿ ಅನ್ನೋರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಅಂಥ ಒಬ್ಬ "ಎಕ್ಸ್‌ಪರ್ಟ್" ಕೈಯಿಂದ ಬಂದ ರೈಫಲ್ ನಾನು ನೋಡಿದೀನಿ, ಖಾಲಿ ಕೋವಿಯ ಬುಡ ನೆಲಕ್ಕೆ ಸ್ವಲ್ಪ ಜೋರಾಗಿ ಕುಕ್ಕಿದ್ರೆ ಸಾಕು, ಸ್ಟ್ರೈಕರ್ ಬೀಳ್ತಿತ್ತು. ಮಾಲೀಕರು ಅದನ್ನ ಜೀಪಲ್ಲಿ ಹಾಕ್ಕೊಂಡು ಓಡಾಡಿದ್ರು.

ಹಾಗಾದ್ರೆ ಬದಲಾಯಿಸೋದಾ? ಹೌದು, ಕಂಪನಿ ಮಿತಿಯೊಳಗೆ ಭಾರ ಇಳಿಸಿ, ತೊಳೆದು, ಆಮೇಲೂ ಸರಿ ಹೋಗ್ಲಿಲ್ಲ ಅಂದ್ರೆ ಪೂರ್ತಿ ಯೂನಿಟ್ಟೇ ಬದಲಾಯಿಸಿ. ಟಿಮ್ನಿ, ಟ್ರಿಗರ್‌ಟೆಕ್, ಜ್ಯುವೆಲ್ ತರದ ಟ್ರಿಗರ್ ಕಂಪನಿಯೋರು ಹಿಡಿತವನ್ನ ಫ್ಯಾಕ್ಟರಿಯಲ್ಲೇ ಕೂಡಿಸಿ, ಮುಖಗಳನ್ನ ಮಶೀನಲ್ಲಿ ಮಾಡಿ ಕಳಿಸ್ತಾರೆ, ನೀವು ಉಜ್ಜೋ ಪ್ರಮೇಯವೇ ಇಲ್ಲ. ಆದ್ರೆ ನಿಮ್ಮ ಮಾಡೆಲ್ಲಿಗೇ ಮಾಡಿದ್ದು ತಗೊಳ್ಳಿ, "ಸ್ವಲ್ಪ ಫೈಲ್ ಮಾಡಿದ್ರೆ ಕೂರತ್ತೆ" ಅನ್ನೋ ಮಾತು ಕೇಳಿದ ಕೂಡ್ಲೇ ಎದ್ದು ಬನ್ನಿ. ಜ್ಯುವೆಲ್ ಬೆಂಚ್ ಮೇಲಿನ ಶೂಟಿಂಗಿಗೆ ಬಹಳ ಚೆನ್ನ, ಆದ್ರೆ ಧೂಳು, ಮಣ್ಣು ಮೆತ್ತೋ ಕಾಡಿನ ಕೆಲಸಕ್ಕೆ ನಾನು ಅದನ್ನ ಹಾಕಿ ಕೊಡಲ್ಲ, ಇದು ನನ್ನ ಹಠ ಅಂತಲೇ ಇಟ್ಕೊಳ್ಳಿ.

ಹಾಕೋವಾಗ ಜನ ಎಡವೋ ಜಾಗಗಳು ಇವು. ಪಿನ್ ಹೊಡೆದು ತೆಗೆಯೋ ಮುಂಚೆ ಯಾವ ಕಡೆಯಿಂದ ಹೊಡೀಬೇಕು ಅಂತ ಸೂಚನೆ ಓದಿ. ಕೆಲವು ರೈಫಲ್ಲಲ್ಲಿ ಟ್ರಿಗರ್ ಕೆಳಗಿಳಿಸಿದ ಕೂಡ್ಲೇ ಬೋಲ್ಟ್ ಹೊರಗೆ ಬರದ ಹಾಗೆ ತಡೆಯೋ ಬೋಲ್ಟ್ ಸ್ಟಾಪ್, ಅದರ ಸ್ಪ್ರಿಂಗ್ ಸಡಿಲ ಆಗಿ ಹಾರಿ ಎಲ್ಲೋ ಹೋಗತ್ತೆ, ಆ ಚೂರು ಹುಡುಕ್ತಾ ಮಂಚದ ಕೆಳಗೆ ತೆವಳೋ ಯೋಗ ತಪ್ಪಲ್ಲ. ಹೊಸ ಟ್ರಿಗರ್ರಿನ ಹೌಸಿಂಗ್ (ಹೊರಗಿನ ಡಬ್ಬಿ) ಅಗಲ ಇದ್ದು ಸ್ಟಾಕ್, ಅಂದ್ರೆ ಕೋವಿಯ ಮರದ ಭಾಗಕ್ಕೆ ತಾಗಿದ್ರೆ ಒತ್ತಿ ಕೂರಿಸಬೇಡಿ, ಮರ ಕೆತ್ತಬೇಕು, ಯಾಕಂದ್ರೆ ಮರ ತೇವಕ್ಕೆ ಹಿಗ್ಗಿ ಸೇಫ್ಟಿ ಲಿವರ್ರನ್ನೋ ಟ್ರಿಗರ್ರನ್ನೋ ಒತ್ತಿದ್ರೆ ನೀವು ಬಿಡಿ ಇಟ್ಟು ಮಾಡಿದ ಟೆಸ್ಟೆಲ್ಲ ಸುಳ್ಳಾಗತ್ತೆ. ಟ್ರಿಗರ್ ಗಾರ್ಡಿನ ಸೀಳಲ್ಲಿ ಟ್ರಿಗರ್ ಎಲ್ಲೂ ಉಜ್ಜಬಾರದು. ಸ್ಕ್ರೂಗಳಿಗೆ ಅಂಟು ಹಾಕೋದಾದ್ರೆ ಸೂಜಿಮೊನೆಯಷ್ಟು, ಒಳಕ್ಕೆ ಹರಿಯೋ ಹಾಗೆ ಅಲ್ಲ. ಇದು ಸಣ್ಣ ವಿಷಯ ಅಂತ ತಳ್ಳಿ ಹಾಕಬೇಡಿ, ರೆಮಿಂಗ್ಟನ್ ಕಂಪನಿ 2014ರ ಏಪ್ರಿಲ್‌ನಲ್ಲಿ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರೋ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್ಲುಗಳನ್ನ ವಾಪಸ್ ಕರೆಸ್ಕೊಂಡಿದ್ದು ಇದಕ್ಕೇ, ಜೋಡಿಸೋವಾಗ ಹಾಕಿದ ಅಂಟು ಜಾಸ್ತಿ ಆಗಿ ಕೆಲವು ಸಂದರ್ಭದಲ್ಲಿ ತಾನಾಗೇ ಹಾರಬಹುದು ಅಂತ. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು ಅದರಲ್ಲಿ ಸೇರಿದ್ವು. ಫ್ಯಾಕ್ಟರಿಯಲ್ಲೇ ಹಾಗಾಗತ್ತೆ ಅಂದ್ಮೇಲೆ ನಿಮ್ಮ ಅಡುಗೆಮನೆ ಟೇಬಲ್ ಮೇಲೆ ಆಗಲ್ವಾ?

ಅದೇ 700ರ ಹಳೇ ವಾಕರ್ ಟ್ರಿಗರ್ ಬಗ್ಗೆಯೂ ಕೇಳ್ತಿರ್ತೀರ. ಅದರಲ್ಲಿ ಟ್ರಿಗರ್ರಿಗೂ ಸೀರಿಗೂ ಮಧ್ಯೆ ಕನೆಕ್ಟರ್ ಅಂತ ಒಂದು ಬಿಡಿ ತುಂಡು ಇದೆ, ಪ್ರತಿ ಈಡಿಗೂ ಅದು ಟ್ರಿಗರ್ರಿಂದ ಬೇರ್ಪಟ್ಟು ಮತ್ತೆ ಬಂದು ಕೂರತ್ತೆ, ಆ ಸಂದಿಗೆ ಕಸ ಸೇರಿದ್ರೆ ಪೂರ್ತಿ ಕೂರಲ್ಲ ಅನ್ನೋದು ವರ್ಷಗಟ್ಟಲೆ ಕೋರ್ಟಲ್ಲಿ ನಡೆದ ವಾದ, ಕಂಪನಿ ದೋಷ ಇದೆ ಅಂತ ಒಪ್ಪಲಿಲ್ಲ. 1982ಕ್ಕೆ ಮುಂಚಿನ 700ಗಳಲ್ಲಿ ಸೇಫ್ಟಿ ಹಾಕಿದ್ರೆ ಬೋಲ್ಟೂ ಲಾಕ್ ಆಗ್ತಿತ್ತು, ಅಂದ್ರೆ ತೋಟೆ ಖಾಲಿ ಮಾಡಬೇಕು ಅಂದ್ರೆ ಸೇಫ್ಟಿ ತೆಗೀಲೇಬೇಕು. ಎರಡನ್ನೂ ಕೂಡಿಸಿ ನೋಡಿ. ನನ್ನ ಕೈಗೆ ಹಳೇ ವಾಕರ್ ಬಂದ್ರೆ ನಾನು ಅಡ್ಜಸ್ಟ್ ಮಾಡಲ್ಲ, ಬದಲಾಯಿಸ್ತೀನಿ, ಮಾಲೀಕರಿಗೆ ಇಷ್ಟ ಇಲ್ಲದಿದ್ರೆ ಹಾಗೇ ವಾಪಸ್ ಕೊಡ್ತೀನಿ.

ಕೆಲಸ ಮುಗೀತಾ, ಈಗ ಟೆಸ್ಟ್. ಇದನ್ನ ಬಿಡೋರೇ ಎಲ್ಲ. ರೈಫಲ್ ಪೂರ್ತಿ ಜೋಡಿಸಿ, ಸ್ಟಾಕ್ ಸ್ಕ್ರೂ ಸರಿಯಾಗಿ ಬಿಗಿದು, ಖಾಲಿ ಅಂತ ಇನ್ನೊಂದು ಸಲ ನೋಡಿ. ಬೋಲ್ಟ್ ರಪ್ಪನೆ ಜೋರಾಗಿ ಮುಚ್ಚಿ, ಒಂದು ಸಲ ಅಲ್ಲ, ಇಪ್ಪತ್ತು ಮೂವತ್ತು ಸಲ, ಒಮ್ಮೆಯಾದ್ರೂ ಸ್ಟ್ರೈಕರ್ ಬೋಲ್ಟ್ ಜೊತೆಗೇ ಮುಂದಕ್ಕೆ ಹೋದ್ರೆ ಫೇಲ್. ಕಾಕ್ ಮಾಡಿ (ಸ್ಟ್ರೈಕರ್ ಹಿಂದಕ್ಕೆ ನಿಲ್ಲಿಸಿ) ಸೇಫ್ಟಿ ತೆಗೆದು, ಬುಡದ ರಬ್ಬರ್ ಪ್ಯಾಡ್ ಮೇಲೆ, ಆಕ್ಷನ್ನಿನ ಪಕ್ಕಕ್ಕೆ, ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ. ಒಂದಡಿ ಎತ್ತರದಿಂದ ದಪ್ಪ ರಬ್ಬರ್ ಮ್ಯಾಟ್ ಮೇಲೆ ಬುಡ ಕೆಳಗೆ ಮಾಡಿ ಬಿಡಿ, ಇದ್ಯಾವುದಕ್ಕೂ ಸ್ಟ್ರೈಕರ್ ಬೀಳಬಾರದು. ಆಮೇಲೆ ಎಲ್ಲಕ್ಕಿಂತ ಮುಖ್ಯದ್ದು: ಕಾಕ್ ಮಾಡಿ, ಸೇಫ್ಟಿ ಹಾಕಿ, ಟ್ರಿಗರ್ ಜೋರಾಗಿ ಎಳೀರಿ, ಬೆರಳು ಪೂರ್ತಿ ತೆಗೀರಿ, ಈಗ ಸೇಫ್ಟಿ ತೆಗೀರಿ. ಕ್ಲಿಕ್ ಅಂದ್ರೆ ಆ ಕೋವಿ ಕೊಲೆಗಾರ, ಅದು ಆ ಕ್ಷಣದಿಂದ ಕಪಾಟಿನಿಂದ ಹೊರಗೆ ಬರಬಾರದು. ಕಾಕ್ ಆದ ಮೇಲೆ ಟ್ರಿಗರ್ ಅರ್ಧ ಎಳೆದು ಬಿಟ್ರೆ ಅದು ಚುರುಕಾಗಿ ಮುಂದಕ್ಕೆ ಬರಬೇಕು, ಬರದೆ ಅಲ್ಲೇ ನಿಂತ್ರೆ ಸ್ಪ್ರಿಂಗ್ ಅತಿಯಾಗಿ ಇಳಿಸಿದೀರ. ಭಾರ ಬದಲಾಯಿಸಿದ ಪ್ರತಿ ಸಲ ಈ ಎಲ್ಲ ಟೆಸ್ಟ್ ಮತ್ತೆ ಮೊದಲಿಂದ, "ಕಾಲು ಸುತ್ತು ತಾನೇ" ಅನ್ನೋ ಸಬೂಬು ನಡೆಯಲ್ಲ.

ಕೊನೆಗೆ ಎಷ್ಟು ಪೌಂಡ್? ಬೇಟೆ ರೈಫಲ್ಲಿಗೆ ನಾನು ಎರಡೂವರೆ ಪೌಂಡಿಗಿಂತ ಕೆಳಗೆ ಇಳಿಸಲ್ಲ, 3 ಪೌಂಡ್ ನನ್ನ ಲೆಕ್ಕದಲ್ಲಿ ಸರಿ. ಚಳಿಗೆ ಮರಗಟ್ಟಿದ ಬೆರಳಿಗೆ, ಕೈಗವಸು ಹಾಕಿದ ಬೆರಳಿಗೆ 1 ಪೌಂಡ್ ಗೊತ್ತೇ ಆಗಲ್ಲ, ಗೊತ್ತಾಗೋ ಹೊತ್ತಿಗೆ ಗುಂಡು ಹೋಗಿರತ್ತೆ. ಹಗುರ ಟ್ರಿಗರ್ ಬೇಕಾ, ಬೆಂಚ್ ಮೇಲೆ ಇಟ್ಟು ಹೊಡೆಯೋ ಕೋವಿಗೆ ಹಾಕಿಸ್ಕೊಳ್ಳಿ, ಅಲ್ಲಿ ಗುರಿ ಹಿಡಿದ ಮೇಲೇ ಬೋಲ್ಟ್ ಮುಚ್ಚೋದು. ಸ್ಪರ್ಧೆಗೆ ಹೋಗೋರು ನಿಮ್ಮ ವಿಭಾಗದ ನಿಯಮ ನೋಡಿ, ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ಲಿಗೆ ಕನಿಷ್ಠ 1500 ಗ್ರಾಂ ಇರಲೇಬೇಕು, ಅಂದ್ರೆ 3.3 ಪೌಂಡ್. ಅಷ್ಟು ಭಾರದಲ್ಲೇ ಅವರು ನಿಂತ್ಕೊಂಡು ಹತ್ತರ ಉಂಗುರಕ್ಕೆ ಹೊಡೀತಾರೆ.

ಪ್ರಶ್ನೆ: ಟ್ರಿಗರ್ ಬದಲಾಯಿಸಿದ್ರೆ ಗುಂಪು (ಗುರಿಹಲಗೆ ಮೇಲೆ ಗುಂಡುಗಳು ಬೀಳೋ ಹರವು) ಸಣ್ಣದಾಗತ್ತಾ?

ನಳಿಗೆಗೆ ಟ್ರಿಗರ್ ಯಾವುದು ಅಂತ ಗೊತ್ತಿಲ್ಲ. ನೀವು ಕೋವಿ ಅಲ್ಲಾಡಿಸೋದು ಕಮ್ಮಿ ಆದ್ರೆ ಗುಂಪು ಸಣ್ಣದಾಗತ್ತೆ, ಅಷ್ಟೇ.

ಪ್ರಶ್ನೆ: ಬಾಲ್ ಪೆನ್ ಸ್ಪ್ರಿಂಗ್ ಹಾಕಿದ್ರೆ ಹಗುರ ಆಗತ್ತೆ ಅಂತಾರೆ?

ಪೆನ್ನಲ್ಲಿ ಬರೀರಿ.

ಪ್ರಶ್ನೆ: ಟ್ರಿಗರ್ ಒಳಗೆ ಯಾವ ಎಣ್ಣೆ ಬಿಡಬೇಕು? ಡಬ್ಲ್ಯೂಡಿ-40 ನಡೆಯತ್ತಾ?

ಯಾವುದೂ ಬೇಡ. ಅದು ಒಣಗಿ ಜಿಡ್ಡಾಗತ್ತೆ, ಧೂಳು ಹಿಡಿಯತ್ತೆ, ಚಳಿಗೆ ಗಟ್ಟಿಯಾಗತ್ತೆ. ಲೈಟರ್ ಫ್ಲೂಯಿಡ್ ಹಾಕಿ ತೊಳೆದು ಒಣಗಿಸಿ, ಕಿಟಕಿ ತೆಗೆದಿಟ್ಟು, ಬೀಡಿ ಸಿಗರೇಟ್ ಆರಿಸಿ. ನಳಿಗೆ ಕ್ಲೀನ್ ಮಾಡೋವಾಗ ಸಾಲ್ವೆಂಟ್ ಹಿಂದಕ್ಕೆ ಇಳಿದು ಟ್ರಿಗರ್ ಒಳಗೆ ಹೋಗ್ತಿರತ್ತೆ, ನಳಿಗೆ ಹಿಂಬದಿಗೆ ಹಾಕೋ ಬೋರ್ ಗೈಡ್ ಕೊಳವೆ ಹಾಕಿ, ಮೂತಿ ತಗ್ಗಿಸಿ ಇಟ್ಟು ಕ್ಲೀನ್ ಮಾಡಿ.

ಪ್ರಶ್ನೆ: ಸ್ಯಾವೇಜ್ ಕಂಪನಿಯ ಅಕ್ಯುಟ್ರಿಗರ್ ಮಧ್ಯದ ಪಟ್ಟಿ ಬೆರಳಿಗೆ ಚುಚ್ಚತ್ತೆ, ತೆಗೆದು ಹಾಕಬಹುದಾ?

ಆ ಪಟ್ಟಿ ಒತ್ತದೆ ಸೀರ್ ಜಾರಿದ್ರೆ ಅದೇ ಸೀರನ್ನ ಹಿಡಿದು ನಿಲ್ಲಿಸೋದು, ಅದು ಇರೋದ್ರಿಂದಲೇ ಕಂಪನಿ ನಿಮಗೆ ಹಗುರ ಟ್ರಿಗರ್ ಕೊಡೋ ಧೈರ್ಯ ಮಾಡಿದ್ದು. ಬೆರಳಿನ ಚರ್ಮ ಗಟ್ಟಿಯಾಗತ್ತೆ, ಬಿಡಿ.

ಪ್ರಶ್ನೆ: ಹಳೇ ಮೌಸರ್ 98 ಮಿಲಿಟರಿ ಟ್ರಿಗರ್ ಎರಡು ಹಂತದ್ದು, ಅದರ ಉಬ್ಬು ಉಜ್ಜಿ ಒಂದೇ ಹಂತ ಮಾಡ್ತೀನಿ ಅಂತ ಒಬ್ರು ಹೇಳಿದಾರೆ.

ಹೇಳಿದೋರ ಹತ್ರ ಮತ್ತೆ ಹೋಗಬೇಡಿ. ಆ ಎರಡು ಉಬ್ಬು ಇರೋದೇ ದಪ್ಪ ಹಿಡಿತ ಇಟ್ಕೊಂಡು, ಮೊದಲ ಎಳೆತದಲ್ಲಿ ಅದನ್ನ ಕಮ್ಮಿ ಮಾಡಿ, ಎರಡನೇದರಲ್ಲಿ ಬಿಡೋಕೆ. ಬೆರಳು ತೆಗೆದ್ರೆ ಹಿಡಿತ ಪೂರ್ತಿ ವಾಪಸ್. ಸೈನಿಕ ಓಡ್ತಾ ಬಿದ್ದರೂ ಹಾರಬಾರದು ಅಂತ ಮಾಡಿದ ವ್ಯವಸ್ಥೆ ಅದು, ನನಗಂತೂ ಬಹಳ ಇಷ್ಟ. ಬದಲಾಯಿಸಲೇಬೇಕು ಅಂದ್ರೆ ಮೌಸರಿಗೆಂದೇ ಮಾಡಿದ ಯೂನಿಟ್ ಸಿಗತ್ತೆ, ಸೈಡ್ ಸೇಫ್ಟಿ ಇರೋದು ತಗೊಂಡ್ರೆ ಮರ ಕೆತ್ತಬೇಕಾಗತ್ತೆ. ಮೂಲದ ಸೇಫ್ಟಿ ಬೋಲ್ಟಿನ ಹಿಂದೆ ಇದ್ದು ಸ್ಟ್ರೈಕರ್ರನ್ನೇ ಹಿಡಿಯತ್ತೆ, ಸೈಡ್ ಸೇಫ್ಟಿಗಳಲ್ಲಿ ಬಹಳಷ್ಟು ಟ್ರಿಗರ್ ಅಥವಾ ಸೀರನ್ನ ಮಾತ್ರ ಹಿಡಿಯೋದು, ಆದ್ದರಿಂದ ಹಳೇದನ್ನ ಕಿತ್ತು ಹಾಕೋ ಮುಂಚೆ ಇನ್ನೊಂದು ಸಲ ಯೋಚನೆ ಮಾಡಿ.

ಪ್ರಶ್ನೆ: ಖಾಲಿ ಕೋವಿಯಲ್ಲಿ ಡ್ರೈ ಫೈರ್ ಮಾಡಿದ್ರೆ ಟ್ರಿಗರ್ ಹಾಳಾಗತ್ತಾ?

ಈಗಿನ ಸೆಂಟರ್‌ಫೈರ್ (ಪಿನ್ ತೋಟೆಯ ನಡುವಿಗೆ ಹೊಡೆಯೋ) ಬೋಲ್ಟ್ ರೈಫಲ್ಲಿಗೆ ಏನೂ ಆಗಲ್ಲ, ಮಾಡಿ, ದುಡ್ಡು ಖರ್ಚಿಲ್ಲದ ಅಭ್ಯಾಸ. ಪಾಯಿಂಟ್ 22 ರಿಮ್‌ಫೈರಲ್ಲಿ ಪಿನ್ ತೋಟೆಯ ಅಂಚಿಗೆ ಹೊಡೆಯೋದ್ರಿಂದ, ಕೈಪಿಡಿ ಸರಿ ಅಂದಿದ್ರೆ ಮಾತ್ರ, ಇಲ್ಲಾಂದ್ರೆ ಪಿನ್ ಹೋಗಿ ಚೇಂಬರ್ ಅಂಚಿಗೆ ಹೊಡೆಯತ್ತೆ.

ಪ್ರಶ್ನೆ: ಸೆಟ್ ಟ್ರಿಗರ್ (ಮೊದಲೇ ಸೆಟ್ ಮಾಡಿಟ್ರೆ ಚೂರು ಒತ್ತಿದ್ರೂ ಹಾರೋದು) ಸೆಟ್ ಮಾಡಿಬಿಟ್ಟೆ, ಪ್ರಾಣಿ ಹೋಯ್ತು, ಈಗ ಹೊಡೆಯದೆ ಇಳಿಸೋದು ಹೇಗೆ?

ಟ್ರಿಗರ್ರಿಂದ ಬೆರಳು ದೂರ, ಮೂತಿ ಖಾಲಿ ನೆಲದ ಕಡೆ, ಬೋಲ್ಟ್ ತೆರೆದು ತೋಟೆ ಹೊರಗೆ. ಬೋಲ್ಟ್ ತೆರೆದೇ ಇದ್ದ ಹಾಗೆ ಟ್ರಿಗರ್ ಎಳೆದು ಸೆಟ್ ಬಿಡಿಸಿ. ಸೆಟ್ ಆಗಿರೋವಾಗಲೇ ಬರೀ ಸೇಫ್ಟಿ ಹಾಕ್ಕೊಂಡು ಮುಂದಿನ ಪೊದೆ ಕಡೆ ನಡೆಯೋರ ಹಿಂದೆ ಮುಂದೆ ನಾನು ಬರಲ್ಲ.